ದೇವರ ಜಗಲಿಯಿಂದ ಇಳಿಸುವ ಕೆಲಸ

ಕಥೆ ಬರೆಯುವುದು ಮನುಷ್ಯಕುಲಕ್ಕೆ ದಕ್ಕಿದ ವಿದ್ಯೆಗಳಲ್ಲೆಲ್ಲ ಗಹನವಾದದ್ದು. ಅದಕ್ಕೆ ಏಕಾಂತ ಬೇಕು, ತಪಸ್ಸು ಬೇಕು, ಪೂರ್ವಜನ್ಮದ ಸುಕೃತವೂ ಬೇಕು. ಈ ಮಾತನ್ನು ನಾನು ಶಲವಡಿಯ ಪಂಚಾಯಿತಿ ಗ್ರಂಥಾಲಯದಲ್ಲಿ ಎರಡು ವರ್ಷ, ಭಾನುವಾರಕ್ಕೊಮ್ಮೆ, ಎದ್ದು ನಿಂತು ಹೇಳಿದ್ದೇನೆ. ಕೇಳಲು ನಾಲ್ಕು ಮಂದಿ ಬರುತ್ತಿದ್ದರು. ಒಬ್ಬರು ಪೇಪರ್ ಓದಲು, ಒಬ್ಬರು ಫ್ಯಾನಿನ ಗಾಳಿಗೆ, ಮತ್ತೊಬ್ಬರು ಗ್ರಂಥಾಲಯದ ಕೀಲಿ ಅವರ ಕೈಯಲ್ಲಿ ಇದ್ದುದರಿಂದ. ನಾಲ್ಕನೆಯವರು ಊರಿನ ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳು. ಅವರಿಗೆ ಏಕಾಂತ ಸಿಗುತ್ತಿದ್ದುದು ಕರೆಂಟು ಹೋದಾಗ ಮಾತ್ರ. ತಪಸ್ಸಿನ ವಿಷಯ ನಾನು ವಿಚಾರಿಸಲಿಲ್ಲ.

ಊರೆಲ್ಲ ಅವರನ್ನು ಗಿರಣಿ ಅಕ್ಕಾರು ಎನ್ನುತ್ತಿತ್ತು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರಾದರೂ ನಾನೂ ಹಾಗೇ ಕರೆಯುತ್ತಿದ್ದೆ. ಸಂಕ್ರಾಂತಿ ಮುಗಿದ ಮರುವಾರ, ಮಿಕ್ಕ ಮೂವರೂ ಎದ್ದುಹೋದ ಮೇಲೆ, ಅವರು ಸೆರಗಿನ ಮರೆಯಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ಹಿಟ್ಟಿನ ಬೆರಳಚ್ಚುಗಳಿದ್ದವು.

“ಇದನ್ನ ಒಂದೀಟು ನೋಡ್ರಿ ಸರ್. ನಮ್ಮ ತಂಗೀ ಕತಿ ಐತಿ.”

“ಯುಗಾದಿ ಸಂಚಿಕೆ ಸ್ಪರ್ಧೆಗೇನ್ರಿ?” ಎಂದೆ. ಒಂದು ವಾರಪತ್ರಿಕೆಯವರು ಕಥಾಸ್ಪರ್ಧೆ ಕರೆದಿದ್ದರು. ನನ್ನ ಕಮ್ಮಟದಿಂದ ಯಾರಿಗೂ ಈವರೆಗೆ ಬಹುಮಾನ ಬಂದಿರಲಿಲ್ಲ. ನಿಖರವಾಗಿ ಹೇಳಬೇಕೆಂದರೆ, ನನಗೂ ಬಂದಿರಲಿಲ್ಲ.

“ಸ್ಪರ್ಧೆ ಗಿರ್ಧೆ ನನಗ ತಿಳಿಯಂಗಿಲ್ರಿ. ಹುಡುಗಿಗೆ ಬೇಕಾಗೈತಿ.”

ಹುಡುಗಿ ಎಂದರೆ ಆ ತಂಗಿಯ ಮಗಳು. ತಂಗಿಯನ್ನು ಕಲಘಟಗಿ ಕಡೆಯ ತಂಬೂರು ಎಂಬ ಊರಿಗೆ ಕೊಟ್ಟಿದ್ದರು. ಎಂಟು ದಿನದ ಜ್ವರದಲ್ಲಿ ಆಕೆ ತೀರಿಹೋದಾಗ ಮಗುವಿಗೆ ಎರಡು ವರ್ಷ. ತಂದೆ ಇನ್ನೊಂದು ಮದುವೆಯಾದ. ಮಗು ದೊಡ್ಡವ್ವನ ಮನೆಗೆ ಬಂತು, ಹಿಟ್ಟಿನ ಧೂಳಿನಲ್ಲೇ ಬೆಳೆಯಿತು. ಈಗ ಏಳನೆಯ ಇಯತ್ತೆ; ಭಾನುವಾರ ದೊಡ್ಡವ್ವ ಗ್ರಂಥಾಲಯಕ್ಕೆ ಬಂದಾಗ ಗಿರಣಿ ಅವಳ ಕೈಯಲ್ಲಿ. ಜೂನ್‌ನಲ್ಲಿ ಧಾರವಾಡದ ಹಾಸ್ಟೆಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

ಅಕ್ಕಾರು ನಡೆದದ್ದನ್ನು ಹೇಳಿದರು. ಒಂದು ದಿನ ಹೆರಳು ಹಾಕಿಸಿಕೊಳ್ಳುತ್ತ ಹುಡುಗಿ ಕೇಳಿದ್ದಳಂತೆ: “ದೊಡ್ಡವ್ವಾ, ನಮ್ಮವ್ವಗ ಸಿಟ್ಟು ಬರತಿತ್ತೇನ ಬೇ?”

“ನೀವು ಏನಂದ್ರಿ?”

“ಎಲ್ಲಾರೂ ಅನ್ನೂದ ಅಂದೆ. ನಿಮ್ಮವ್ವ ದೇವರಂಥಾಕಿ ಇದ್ಲವಾ ಅಂದೆ. ಅದಕ್ಕ ಆಕಿ, ‘ಇದು ನನಗ ಗೊತ್ತೈತಿ ಬಿಡು’ ಅಂದ್ಲರಿ. ಆಮ್ಯಾಲೆ ಕೇಳಲೇ ಇಲ್ಲ.” ಅಕ್ಕಾರು ನೋಟ್‌ಬುಕ್ಕಿನ ಅಂಚು ಸರಿಮಾಡಿದರು. “ಈಗ ಕೇಳೂದು ಬಿಟ್ಟಾಳ. ಹಾಸ್ಟೆಲಿಗೆ ಹೋದ ಮ್ಯಾಲೆ ಬೇಕಂತಲೂ ಅನಸಾಂಗಿಲ್ಲ. ಅಷ್ಟರಾಗ ಅವರವ್ವ ಹೆಂಗಿದ್ಲು ಅನ್ನೂದನ್ನ ಆಕಿ ಕೈಯಾಗ ಕೊಡಬೇಕ್ರಿ.”

ಹೀಗೆ ನನಗೆ ಎರಡು ಗಡುವು ಬಿದ್ದವು. ಪತ್ರಿಕೆಯದು ಫೆಬ್ರವರಿ ಕೊನೆ, ಹುಡುಗಿಯದು ಜೂನ್. ಯಾವುದು ದೊಡ್ಡದೆಂದು ಆಗ ನನ್ನನ್ನು ಕೇಳಿದ್ದರೆ ತಪ್ಪು ಉತ್ತರ ಕೊಡುತ್ತಿದ್ದೆ.

ಕಥೆ ಹದಿನಾಲ್ಕು ಪುಟವಿತ್ತು. ಕರೆಂಟು ಹೋದಾಗಲೆಲ್ಲ ಬರೆದದ್ದು. ಬಂದ ಕೂಡಲೇ ವಾಕ್ಯ ಇದ್ದಲ್ಲೇ ನಿಂತದ್ದು. ಅಧ್ಯಾಯಗಳನ್ನು ವಿದ್ಯುತ್ ಇಲಾಖೆಯೇ ವಿಂಗಡಿಸಿತ್ತೆನ್ನಬಹುದು. ಮೊದಲ ಪುಟದಲ್ಲಿ ಪೂರ್ವದಿಕ್ಕಿನಲ್ಲಿ ಸೂರ್ಯ ಉದಯಿಸುತ್ತಿದ್ದ, ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು. ಎರಡನೆಯ ಪುಟದಲ್ಲಿ ಊರಿನ ವರ್ಣನೆ. ಮೂರನೆಯದರಲ್ಲಿ ಮನೆತನದ ವರ್ಣನೆ. ನಾಯಕಿ ಹುಟ್ಟುವಷ್ಟರಲ್ಲಿ ಆರನೆಯ ಪುಟ ಬಂದಿತ್ತು. ಇದಕ್ಕೆ ಹೊಣೆ ಬೇರೆ ಯಾರೂ ಅಲ್ಲ. ‘ಮೊದಲು ಪರಿಸರ ನಿರ್ಮಾಣ’ ಎಂದು ಕರಿಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದವನು ನಾನೇ.

ನಾನು ನೋಟ್‌ಬುಕ್ಕನ್ನು ಅಣ್ಣಿಗೇರಿಯ ನನ್ನ ಮನೆಗೆ ಒಯ್ದು, ಒಂದು ವಾರ ಕೆಂಪು ಪೆನ್ನು ಹಿಡಿದು ಕೂತು, ಭಾಷೆಯನ್ನು ಶುದ್ಧಿ ಮಾಡಿದೆ. ‘ಆಕಿ ನಕ್ಕರ ಬಾಜೂ ಮನಿಯಾಕಿ ಒಲಿ ಬಿಟ್ಟು ಎದ್ದು ಬರತಿದ್ಲು’ ಎಂದು ಒಂದು ಕಡೆ ಇತ್ತು. ಅದನ್ನು ‘ಅವಳ ಮಂದಹಾಸವು ನೆರೆಹೊರೆಯವರನ್ನು ಆಕರ್ಷಿಸುತ್ತಿತ್ತು’ ಎಂದು ಉದ್ಧಾರ ಮಾಡಿದೆ. ಇಂಥ ಉದ್ಧಾರಗಳು ಪುಟಕ್ಕೆ ಹತ್ತಾದರೂ ಇದ್ದವು. ಬಹಳ ಸಮಾಧಾನದಿಂದ ಮರಳಿ ಕೊಟ್ಟೆ.

ಅಕ್ಕಾರು ಗಿರಣಿಯ ಹೊಸ್ತಿಲ ಮೇಲೆ ಕೂತು ಓದಿದರು. ಓದಿ ಮುಗಿಸಿ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

“ಸರ್, ತಪ್ಪ ತಿಳೀಬ್ಯಾಡ್ರಿ. ಒಬ್ಬರ ಗೋದಿ ಬೀಸಿದ ಮ್ಯಾಲೆ ಇನ್ನೊಬ್ಬರ ಜ್ವಾಳ ಹಾಕಿದರ ಮದಲ ಎರಡ ಮುಷ್ಟಿ ಹಿಂದಿನವರ ಹಿಟ್ಟ ಬರತೈತ್ರಿ. ಅದು ಎಲ್ಲಾ ಗಿರಣ್ಯಾಗೂ ಐತಿ. ಆದರ ಇದ್ರಾಗ ನಿಮ್ಮ ಹಿಟ್ಟ ಭಾಳ ಬಂದೈತ್ರಿ.”

ನಾನು ಗಂಭೀರವಾಗಿ ತಲೆಯಾಡಿಸಿ, ಮನೆಗೆ ಹೋಗಿ, ನನ್ನ ಕೆಂಪು ಗೆರೆಗಳನ್ನೆಲ್ಲ ಇನ್ನೊಂದು ಬಣ್ಣದಲ್ಲಿ ಹೊಡೆದುಹಾಕಿದೆ. ಅದಕ್ಕೂ ಒಂದು ವಾರ ಹಿಡಿಯಿತು. ಬರೆದವರ ಬಾಯಿಮಾತನ್ನು ತಿದ್ದುವ ಮೊದಲು ಮೂರು ಸಲ ಓದಬೇಕು. ಮೂರನೆಯ ಸಲವೂ ತಿದ್ದಬೇಕೆನಿಸಿದರೆ ಎದ್ದು ನೀರು ಕುಡಿದು ಬರಬೇಕು. ಇದನ್ನು ನಾನು ಕಲಿತದ್ದು ಅರವತ್ತೇಳನೆಯ ವಯಸ್ಸಿನಲ್ಲಿ.

ಭಾಷೆ ಅವರದೇ ಆಯಿತು; ಕಥೆ ಮಾತ್ರ ಏಳಲಿಲ್ಲ. ಯಾಕೆಂದು ಇಬ್ಬರಿಗೂ ತಿಳಿಯಲಿಲ್ಲ. ಆಗ ನನಗೆ ಹೊಳೆದದ್ದು ಹೂಂಗುಟ್ಟಿಸುವ ಉಪಾಯ. ಕತೆ ಹೇಳುವಾಗ ಕೇಳುವವರು ನಡುನಡುವೆ ‘ಹೂಂ’ ಅನ್ನಬೇಕೆಂಬುದು ನಮ್ಮ ಕಡೆಯ ಹಳೆಯ ಕಾಯಿದೆ. ಹೂಂ ನಿಂತಿತೆಂದರೆ ಕೇಳುವವರು ನಿದ್ದೆ ಹೋದರು ಇಲ್ಲವೇ ಕತೆ ಸತ್ತಿತು, ಎರಡರಲ್ಲೊಂದು. ಗಿರಣಿಯಲ್ಲಿ ಕರೆಂಟು ಹೋದಾಗ ಜೋಳದ ಡಬ್ಬಿ ಇಟ್ಟುಕೊಂಡು ಕಾಯುವ ಹೆಣ್ಣುಮಕ್ಕಳು ಐದಾರು ಜನ ಯಾವಾಗಲೂ ಇರುತ್ತಿದ್ದರು. ನಾನು ಗಟ್ಟಿಯಾಗಿ ಓದುವುದು, ಅಕ್ಕಾರು ಪೆನ್ಸಿಲ್ ಹಿಡಿದು ಹೂಂ ಬಿದ್ದಲ್ಲಿ ಗೆರೆ, ನಿಂತಲ್ಲಿ ಸೊನ್ನೆ ಹಾಕುವುದು. ಕಥೆ ಯಾರದೆಂದು ಹೇಳಬಾರದು. ಹುಡುಗಿ ಶಾಲೆಗೆ ಹೋಗಿರುವ ಹೊತ್ತೇ ಆಗಬೇಕು.

ಮೊದಲ ಸೊನ್ನೆ ಬಿದ್ದದ್ದು ಎರಡನೆಯ ಸಾಲಿಗೆ. ಡಬ್ಬಿಗಳ ಸಾಲಿನ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹಲ್ಲಿಲ್ಲ, ಮುಲಾಜೂ ಇಲ್ಲ.

“ಮಾಸ್ತರ, ಸೂರ್ಯಾ ಹುಟ್ಟಿದ್ದು ನಮಗ ಗೊತ್ತೈತೋ. ದಿನಾ ಹುಟ್ಟತಾನ. ಮುಂದಕ್ಕ ಹೋಗು.”

ಮುಂದಕ್ಕೆ ಹೋದೆ. ಊರಿನ ವರ್ಣನೆಗೆ ಇಬ್ಬರು ಜೋಳದಲ್ಲಿ ಕಲ್ಲು ಆರಿಸತೊಡಗಿದರು. ಬಾಜೂ ಮನೆಯಾಕೆ ಒಲೆ ಬಿಟ್ಟು ಎದ್ದು ಬರುವಲ್ಲಿ ಐದೂ ಮಂದಿ ಒಟ್ಟಿಗೆ ಹೂಂ ಅಂದರು. ಅಕ್ಕಾರು ಗೆರೆ ಹಾಕಿ ನನ್ನ ಕಡೆ ನೋಡಿದರು. ನಾನು ಕನ್ನಡಕ ಒರೆಸಿಕೊಂಡೆ. ಅಲ್ಲಿಂದ ಮುಂದೆ ನಾಯಕಿ ಅತ್ತೆಯ ಸೇವೆ ಮಾಡಿದಳು, ಹಸಿದವರಿಗೆ ಉಣಿಸಿದಳು, ಯಾರಿಗೂ ಎದುರು ಮಾತಾಡಲಿಲ್ಲ, ಸಹನೆಯ ಮೂರ್ತಿಯಾಗಿದ್ದಳು. ಸೊನ್ನೆ, ಸೊನ್ನೆ, ಸೊನ್ನೆ.

“ಈಕಿ ಏನೂ ಮಾಡಾಂಗಿಲ್ಲಲ್ಲೋ,” ಎಂದಳು ಮುದುಕಿ. “ಬರೇ ಚಲೋ ಇರತಾಳ. ಚಲೋ ಇರೂದು ಒಂದ ಕೆಲಸೇನ?”

ನಾನು ಎರಡು ವರ್ಷದಲ್ಲಿ ಪಾತ್ರ ಚಿತ್ರಣದ ಬಗ್ಗೆ ಹೇಳಿದ್ದೆಲ್ಲ ಸೇರಿಸಿದರೂ ಈ ಮಾತಿನಷ್ಟು ತೂಕ ಬರುವುದಿಲ್ಲ.

ಆ ಸಂಜೆಯೇ ಮೊದಲ ಐದು ಪುಟ ತೆಗೆದೆವು. ಸೂರ್ಯ, ಹಕ್ಕಿ, ಊರು, ಮನೆತನ, ಎಲ್ಲ ಹೋದವು. ಪರಿಸರವನ್ನು ನಿರ್ಮಿಸಿದವನೇ ಕೆಡವಬೇಕಾದ್ದರಿಂದ ಆ ಪುಟಗಳನ್ನು ನನ್ನ ಕೈಯಿಂದಲೇ ಹರಿದುಹಾಕಿಸಿದರು. ಆಮೇಲೆ ‘ದೇವತೆ’ ಎಂಬ ಮಾತನ್ನು ಎಣಿಸಿದೆವು. ಹದಿನೇಳು ಸಲ ಬಂದಿತ್ತು. ಅದು ಬಂದ ಕಡೆಯೆಲ್ಲ ಆ ಮಾತು ಹೊಡೆದು, ಆಕೆ ನಿಜವಾಗಿ ಮಾಡಿದ ಒಂದು ಕೆಲಸ ಬರೆಯಿರಿ ಎಂದೆ.

ಅಕ್ಕಾರು ಪೆನ್ಸಿಲ್ ಕೆಳಗಿಟ್ಟರು.

“ಜಗಲಿ ಮ್ಯಾಲೆ ಇರಾಕೀನ ಹೆಂಗ ಬೈಲ್ರಿ ಸರ್?”

ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಜಗಲಿ ಎಂದರೆ ನಮ್ಮಲ್ಲಿ ದೇವರನ್ನು ಕೂರಿಸುವ ಕಟ್ಟೆ. ಮುತ್ತೈದೆಯಾಗಿ ಸತ್ತ ಹೆಣ್ಣುಮಕ್ಕಳು ನೇರ ಅಲ್ಲಿಗೆ ಹೋಗುತ್ತಾರೆ. ತಂಗಿಯ ಫೋಟೋ ಕೂಡ ಅಕ್ಕಾರ ಮನೆಯ ಜಗಲಿಯ ಮೇಲೆ, ದೇವರ ಸಾಲಿನಲ್ಲಿ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಹಿರಿಯರ ಹಬ್ಬಕ್ಕೆ ಅದರ ಮುಂದೆ ಹಸಿರು ಸೀರೆ, ಬಳೆ ಇಟ್ಟು ಎಡೆ ಹಿಡಿಯುತ್ತಾರೆ. ಪಾತ್ರಕ್ಕೆ ಒಂದು ಊನ ಇರಲಿ ಎಂದು ಯಾವ ಮಾಸ್ತರನಾದರೂ ಹೇಳಬಹುದು. ವರ್ಷಕ್ಕೊಮ್ಮೆ ಎಡೆ ತೆಗೆದುಕೊಳ್ಳುವ ಪಾತ್ರವನ್ನು ಏನು ಮಾಡಬೇಕೆಂದು ಯಾವ ಕಮ್ಮಟದಲ್ಲೂ ಕಲಿಸುವುದಿಲ್ಲ.

“ಬೈಯೂದು ಬ್ಯಾಡ್ರಿ ಅಕ್ಕಾರ. ಇದ್ದಂಗ ಬರೀರಿ.”

“ಇದ್ದಂಗ ಬರದರ ಬೈದಂಗ ಆಗತೈತ್ರಿ.”

ವಾದಿಸಿ ಉಪಯೋಗವಿಲ್ಲವೆಂದು ಒಂದು ಅಭ್ಯಾಸ ಕೊಟ್ಟೆ. ಕಥೆಯನ್ನು ಮರೆತುಬಿಡಿ. ನಿಮಗೊಬ್ಬರಿಗೇ ಗೊತ್ತಿರುವ ಹತ್ತು ಸಂಗತಿಗಳನ್ನು ಸಾಲಿಗೊಂದರಂತೆ ಬರೆಯಿರಿ. ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸಬೇಡಿ. ಕಣ್ಣಿಗೆ ಕಂಡದ್ದಿರಲಿ, ಕಿವಿಗೆ ಕೇಳಿದ್ದಿರಲಿ.

ಮುಂದಿನ ಭಾನುವಾರ ಪಟ್ಟಿ ಬಂತು. ತಂಗಿ ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು, ಅತ್ತೆ ಅಡುಗೆಮನೆಗೆ ಬಂದರೆ ಬಲಗೈಗೆ ಬದಲಿಸುತ್ತಿದ್ದಳು. ಚೌಕಾಬಾರ ಆಡುವಾಗ ಮೊಣಕಾಲಿನಿಂದ ಕವಡೆ ಹೊರಳಿಸುತ್ತಿದ್ದಳು, ಹಿಡಿದರೆ ದೇವರಾಣೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿ ಸೀಟು ಸಿಗದಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ಕಲಘಟಗಿಯಲ್ಲಿ ಹೀಗೆ ಕಾದು ಕಾದು ಒಮ್ಮೆ ತನ್ನ ಸೀಮಂತಕ್ಕೇ ತಡವಾಗಿ ಬಂದಿದ್ದಳು. ಡಬ್ಬಿಯಿಂದ ಬೆಲ್ಲ ಕದಿಯುತ್ತಿದ್ದ ವಿಷಯವೇ ಎರಡು ಸಾಲು ಇತ್ತು. ಒಂಬತ್ತು ಸಂಗತಿ ಹೀಗೇ. ಹತ್ತನೆಯದನ್ನು ಬರೆದು, ಕಾಗದ ಹರಿಯುವ ಹಾಗೆ ಗೀಚಿಹಾಕಿದ್ದರು.

ನಾನು ಹತ್ತನೆಯದನ್ನು ಕೇಳಲಿಲ್ಲ. ಒಂಬತ್ತು ಸಿಕ್ಕ ಸಂಭ್ರಮದಲ್ಲಿ ಅದು ಅಷ್ಟು ಮುಖ್ಯವೆನಿಸಲಿಲ್ಲ ಎಂಬುದೇ ಸತ್ಯ.

ಆ ಒಂಬತ್ತರಿಂದ ಎರಡನೆಯ ಕರಡು ಹುಟ್ಟಿತು. ಈಗ ಕಥೆ ಬಸ್‌ಸ್ಟ್ಯಾಂಡಿನಲ್ಲಿ ಶುರುವಾಯಿತು. ತುಂಬು ಬಸುರಿ ಒಬ್ಬಳು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕಾಯುತ್ತಿದ್ದಾಳೆ, ಕಿಟಕಿಗಾಗಿ. ಆಕೆಗೆ ಏನೋ ಒಂದು ಬೇಕಾಗಿದೆ, ಅದು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕಥೆ ಎಳೆಯಲು ಇಷ್ಟೇ ಸಾಕು. ಬೇಕಾದದ್ದು ಒಂದು ಕಿಟಕಿಯಷ್ಟು ಚಿಕ್ಕದಾದರೆ ಇನ್ನೂ ಒಳ್ಳೆಯದು. ಗಿರಣಿಯಲ್ಲಿ ಓದಿದಾಗ ಹೂಂ ಎಷ್ಟು ಬಿದ್ದವೆಂದರೆ ಅಕ್ಕಾರ ಪೆನ್ಸಿಲ್ಲಿನ ಮೊನೆ ಮುರಿಯಿತು. ಕವಡೆಯ ಪ್ರಸಂಗಕ್ಕೆ ಮುದುಕಿ, “ಅಗದಿ ನನ್ನ ಸೊಸಿ ಇದ್ದಂಗ ಅದಾಳ” ಎಂದು ಸೊಸೆಯ ಎದುರೇ ಹೇಳಿದಳು.

ಆರನೆಯ ಪುಟದಲ್ಲಿ ತಂಗಿ ವರ್ಷದ ಮಗಳನ್ನು ಎತ್ತಿಕೊಂಡು ಶಲವಡಿಗೆ ಬರುತ್ತಾಳೆ, ಗಿರಣಿಯಲ್ಲಿ ಅಕ್ಕನಿಗೆ ಕೈಜೋಡಿಸುತ್ತಾಳೆ. ಅದರ ಕೆಳಗಿನ ಸಾಲು ಹೀಗಿತ್ತು: ‘ಹತ್ತು ತಿಂಗಳಾದ ಮೇಲೆ ತಂಬೂರಿನಿಂದ ಸುದ್ದಿ ಬಂತು.’

ಹೂಂ ಬೀಳಲಿಲ್ಲ.

“ಹತ್ತ ತಿಂಗಳ ಎಲ್ಲಿಗೆ ಹೋಗಿದ್ಲು ಆಕಿ?” ಎಂದಳು ಮುದುಕಿ.

ನಾನು ಉಪನ್ಯಾಸದ ದನಿಯಲ್ಲಿ ಶುರುಮಾಡಿದೆ. ನೋಡ್ರಿ ಅಕ್ಕಾರ, ‘ಕೆಲವು ದಿನಗಳ ನಂತರ’ ಎಂದು ಬರೆದಾಗ ಬರೆಯುವವರು ಏನನ್ನೋ ಜಿಗಿಯುತ್ತಿರುತ್ತಾರೆ. ಜಿಗಿದದ್ದು ಬರಿಯ ಕಾಲುವೆಯಾದರೆ ಚಿಂತೆಯಿಲ್ಲ. ಬಾವಿಯಾದರೆ ಕಥೆ ಅದರೊಳಗೇ ಉಳಿಯುತ್ತದೆ. ಈ ಹತ್ತು ತಿಂಗಳಲ್ಲಿ ಏನಾತ್ರಿ?

ಅಷ್ಟರಲ್ಲಿ ಕರೆಂಟು ಬಂತು. ಅಕ್ಕಾರು ಎದ್ದು ಹೋಗಿ ಗುಂಡಿ ಒತ್ತಿದರು. ಗಿರಣಿ ಗರಗರ ಎಂದಿತು, ನನ್ನ ಪ್ರಶ್ನೆ ಅದರಲ್ಲಿ ಮುಳುಗಿತು. ಆದರೆ ಅವರು ಕಾಳು ಸುರಿದಿರಲಿಲ್ಲ. ಖಾಲಿ ಓಡಿಸಿದರೆ ಕಲ್ಲನ್ನು ಕಲ್ಲೇ ತಿನ್ನುತ್ತದೆ, ಅದನ್ನು ಯಾವ ಗಿರಣಿಯವರೂ ಮಾಡುವುದಿಲ್ಲ. ಡಬ್ಬಿ ಹಿಡಿದು ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು.

ಮುಂದಿನ ಎರಡು ಭಾನುವಾರ ಅಕ್ಕಾರು ಗ್ರಂಥಾಲಯಕ್ಕೆ ಬರಲಿಲ್ಲ. ಫೆಬ್ರವರಿ ಮುಗಿಯುತ್ತಿತ್ತು. ನಾನು ಚಿಂತಿಸಿದ್ದು ಸ್ಪರ್ಧೆಯ ಬಗ್ಗೆ. ಕೊನೆಯ ಎರಡು ಪುಟ ನಾನೇ ಬರೆದು ಸೇರಿಸಿ ಕಳಿಸಿಬಿಡಲೇ ಎಂದು ಒಂದು ಸಂಜೆ ಪೆನ್ನು ಕೂಡ ತೆಗೆದೆ. ಎರಡು ಮುಷ್ಟಿ ಹಿಟ್ಟಿನ ಮಾತು ನೆನಪಾಗಿ ಮುಚ್ಚಿಟ್ಟೆ. ಗಡುವು ಹೋಯಿತು.

ಮಾರ್ಚ್‌ನಲ್ಲಿ ಒಂದು ದಿನ ಅವರು ಗಿರಣಿಯ ಬೆಲ್ಟು ಕೊಳ್ಳಲು ಅಣ್ಣಿಗೇರಿಗೆ ಬಂದವರು ನಮ್ಮ ಮನೆಗೂ ಬಂದರು. ಕಟ್ಟೆಯ ಮೇಲೆ ಕೂತು, ಸುರುಳಿ ಸುತ್ತಿದ ಬೆಲ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೊಟ್ಟ ಚಹಾವನ್ನು ಪಕ್ಕಕ್ಕೆ ಸರಿಸಿದರು.

“ಹತ್ತನೇದು ಕೇಳಲೇ ಇಲ್ಲಲ್ರಿ ನೀವು,” ಎಂದರು.

“ಈಗ ಹೇಳ್ರಿ.”

ಅವರಲ್ಲಿ ಆಗಲೂ ಈಗಲೂ ಒಂದೇ ಯಂತ್ರ. ಖಾರವೂ ಅದರಲ್ಲೇ, ಗೋಧಿಯೂ ಅದರಲ್ಲೇ. ಮೆಣಸಿನಕಾಯಿ ಬೀಸಿದ ಮೇಲೆ ಎರಡು ಸೇರು ಜೋಳದ ನುಚ್ಚು ಹಾಕಿ ಓಡಿಸಬೇಕು. ಅದಕ್ಕೆ ಕಲ್ಲು ತೊಳೆಯುವುದು ಎನ್ನುತ್ತಾರೆ. ಆ ದಿನ ಅಕ್ಕಾರು ಯಾವುದೋ ಕೆಲಸಕ್ಕೆ ನವಲಗುಂದಕ್ಕೆ ಹೋಗಿದ್ದರು, ಗಿರಣಿ ತಂಗಿಯ ಕೈಯಲ್ಲಿತ್ತು. ಖಾರ ಬೀಸಿದ ಬೆನ್ನಿಗೆ ಒಂದು ಮದುವೆ ಮನೆಯ ಗೋಧಿ ಬಂತು. ಮರುದಿನ ಆ ಮನೆಯ ಹೋಳಿಗೆಯೆಲ್ಲ ಖಾರ.

“ಬೀಗರು ತಾಟು ಬಿಟ್ಟು ಎದ್ದರಂತ್ರಿ. ಮದುವಿ ಮನಿಯವರು ಬಂದು ಗಿರಣಿ ಮುಂದ ನಿಂತು ಮಾತಾಡಿದರು. ನಾ ತಂಗೀನ ಕೇಳಿದೆ, ಕಲ್ಲು ತೊಳದಿದ್ದೇನ ಅಂತ. ‘ದೇವರಾಣಿ ತೊಳದೀನಿ’ ಅಂದ್ಲು. ಮಂದಿ ಎಲ್ಲಾ ನಿಂತಿತ್ತು. ‘ನಿನ್ನ ದೇವರಾಣಿ ಕವಡಿ ಆಡೂವಾಗಿಂದ ನೋಡೇನಿ, ಹುಟ್ಟಾ ಸುಳ್ಳಿ’ ಅಂದೆ. ಮಾತ ಆಡಲಿಲ್ರಿ ಆಕಿ. ಕೂಸಿನ್ನ ಬಗಲಾಗ ಹಾಕ್ಕೊಂಡ್ಲು, ಚೀಲ ತುಗೊಂಡ್ಲು, ಬಸ್ ಸ್ಟ್ಯಾಂಡಿಗೆ ನಡದ್ಲು.”

“ಆಮ್ಯಾಲೆ?”

“ಆಮ್ಯಾಲೆ ಹತ್ತ ತಿಂಗಳ ಆಕೀನೂ ಬರಲಿಲ್ಲ, ನಾನೂ ಹೋಗಲಿಲ್ಲ. ಒಮ್ಮೆ ಫೋನ್ ಬಂತ್ರಿ. ಆಕೀ ಹೆಸರ ಕಾಣಸ್ತು. ಗಿರಣಿ ನಡದಿತ್ತು, ಕೈ ಎಲ್ಲಾ ಹಿಟ್ಟು. ಆಮ್ಯಾಲೆ ಹಚ್ಚಿದರಾತು ಅಂದೆ. ಎಂಟು ದಿನಕ್ಕ ಸುದ್ದಿ ಬಂತು.”

ನಮ್ಮ ಮನೆಯ ಮುಂದೆ ಕಡಲೆ ತುಂಬಿದ ಟ್ರ್ಯಾಕ್ಟರ್ ಒಂದು ಹೋಯಿತು. ಅದು ಹೋಗುವವರೆಗೆ ಕಾದರು.

“ಆ ಹುಡುಗಿ ನನ್ನ ಬಗಲಾಗ ಮಲಗತಾಳ್ರಿ. ಇದನ್ನ ಬರದರ ನಾಳಿಂದ ನನ್ನ ದೊಡ್ಡವ್ವ ಅಂತಾಳೇನು?”

ಕಥೆಯ ಕುಶಲತೆಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಕ್ಷಣದಲ್ಲಿ ಕೆಲಸಕ್ಕೆ ಬರಲಿಲ್ಲ. ಆದರೂ ಮಾಸ್ತರಿಕೆ ಸುಮ್ಮನಿರುವುದಿಲ್ಲ. ಒಂದು ದಾರಿ ತೋರಿಸಿದೆ. ಜಗಳ ಇರಲಿ, ಎಲ್ಲರ ಎದುರು ಸುಳ್ಳಿ ಅಂದದ್ದು ಬೇಡ. ಫೋನ್ ಇರಲಿ, ಆದರೆ ಗಿರಣಿಯ ಸಪ್ಪಳದಲ್ಲಿ ಕೇಳಿಸಲಿಲ್ಲ ಎಂದು ಮಾಡಿರಿ. “ಕತಿ ಅಂದ ಮ್ಯಾಲೆ ಒಂದೀಟು ಅಕ್ಕನ ಪಾತ್ರ ಮೆತ್ತಗ ಮಾಡಬಹುದ್ರಿ. ಯಾರೂ ತಪ್ಪು ಅನ್ನಂಗಿಲ್ಲ.”

ಅಕ್ಕಾರು ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯೂ ಕಡಿಮೆಯಾಗಿರಲಿಲ್ಲ.

“ಆಕೀನ ಜಗಲಿಯಿಂದ ಇಳಸಿ, ಆ ಜಾಗಾಕ್ಕ ನಾ ಕುಂದರಲೇನ್ರಿ ಸರ್?”

ಚಹಾ ಪೂರ್ತಿ ಆರಿತ್ತು. ಅದನ್ನೇ ಕುಡಿದು, ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಶಲವಡಿಯ ಬಸ್ಸಿಗೆ ಹೋದರು. ಕಥೆಯ ಬಗ್ಗೆ ತೀರ್ಮಾನ ಆದದ್ದು ಆಗಲೇ. ಅದನ್ನು ಮಾಡಿದವನು ನಾನಲ್ಲ.

ಬೇಸಿಗೆಯಲ್ಲಿ ಕರೆಂಟು ಧಾರಾಳವಾಗಿ ಹೋಗತೊಡಗಿತು, ಬರವಣಿಗೆ ಸಾಗಿತು. ಏಪ್ರಿಲ್ ಕೊನೆಗೆ ಮೂರನೆಯ ಕರಡು ನನ್ನ ಕೈಗೆ ಬಂತು. ನಾನು ತಿದ್ದಿದ್ದು ಎರಡೇ ಕಡೆ, ಅದೂ ಪೆನ್ಸಿಲ್ಲಿನಿಂದ. ಮದುವೆ ಮನೆಯವರ ಬೈಗಳನ್ನು ಅರ್ಧ ಪುಟ ಬರೆದಿದ್ದರು; ಒಂದು ಬೈಗಳು ಸಾಕು, ಅದೂ ಎಲ್ಲಕ್ಕಿಂತ ಸಣ್ಣದು ಎಂದೆ. ಒಪ್ಪಿದರು. ಇನ್ನೊಂದು, ಕಡೆಯ ಭಾಗ. ಅಲ್ಲಿ ಸಾವು ಇರಲಿಲ್ಲ. ಫೋನ್ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ನಡುಗುತ್ತ ರಿಂಗಾಗುತ್ತದೆ, ನಿಲ್ಲುತ್ತದೆ, ಅಕ್ಕ ಮುಂದಿನವರ ಜೋಳ ಸುರಿಯುತ್ತಾಳೆ. ಅಲ್ಲಿಗೆ ಮುಗಿದಿತ್ತು.

“ಸಾವಿನ ಒಂದ ಪುಟ ಬೇಕ್ರಿ ಅಕ್ಕಾರ,” ಎಂದೆ. “ಓದುವವರ ಕಣ್ಣಾಗ ನೀರು ಬರಬೇಕಲ್ಲ.”

“ಅವರವ್ವ ಸತ್ತದ್ದು ಹುಡುಗಿಗೆ ಗೊತ್ತೈತ್ರಿ ಸರ್. ಗೊತ್ತಿಲ್ಲದ್ದು ಬ್ಯಾರೆ.”

ನನ್ನ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿ ಮರಳಿ ಕೊಟ್ಟೆ. ಯಾರಿಗಾಗಿ ಬರೆಯುತ್ತೇವೋ ಅವರಿಗೆ ಗೊತ್ತಿರುವುದನ್ನು ಬಿಡಬೇಕೆಂಬುದು ಬಹಳ ಸರಳವಾದ ನಿಯಮ. ಓದುವವರನ್ನು ಹೆಸರು ಹಿಡಿದು ಕರೆಯಲು ಬಂದರೆ ಮಾತ್ರ ಅದು ಸರಳ. ನಾನು ಬರೆದ ಕಥೆಗಳೆಲ್ಲ ‘ಸಹೃದಯ ಓದುಗ’ರಿಗಾಗಿ, ಅವರ ಮನೆ ಯಾವ ಓಣಿಯಲ್ಲಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಓದಿದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಶಾಲೆಗೆ ರಜೆ. ಕರೆಂಟಿರಲಿಲ್ಲ. ಅಕ್ಕಾರು ತಾವೇ ಓದುತ್ತೇನೆಂದರು. ಹುಡುಗಿ ಜೋಳದ ಚೀಲದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಮುದುಕಿ ಡಬ್ಬಿ ತಂದಿದ್ದಳು. ಹೋಗು ಅನ್ನಲು ಯಾರಿಗೂ ಧೈರ್ಯವಾಗಲಿಲ್ಲ. ನಾನು ತೂಕದ ಯಂತ್ರದ ಬಳಿ ನಿಂತಿದ್ದೆ.

ಅಕ್ಕಾರು ನಿಧಾನವಾಗಿ ಓದಿದರು. ಕಿಟಕಿ ಸೀಟಿನ ಕಡೆ ಹುಡುಗಿ ತಲೆ ಎತ್ತಿದಳು. ಎಡಗೈ ರೊಟ್ಟಿ ಬಂದಾಗ ತನ್ನ ಕೈ ನೋಡಿಕೊಂಡಳು; ಅವಳದು ಬಲಗೈ ರೂಢಿ. ಹೋಳಿಗೆಯ ಹತ್ತಿರ ಬಂದಾಗ ಕಾಲು ಆಡಿಸುವುದನ್ನು ನಿಲ್ಲಿಸಿದಳು. ‘ಹುಟ್ಟಾ ಸುಳ್ಳಿ’ ಎಂಬಲ್ಲಿ ಅಕ್ಕಾರು ಸಾಲಿನ ಕೆಳಗೆ ಬೆರಳಿಟ್ಟರು. ಆ ಮಾತನ್ನು ಬಿಡದೆ, ಗಟ್ಟಿಯಾಗಿಯೇ ಓದಿದರು. ಕಥೆಯಲ್ಲಿ ಫೋನು ರಿಂಗಾಗಿ ನಿಂತಿತು. ಕಥೆಯ ಅಕ್ಕ ಜೋಳ ಸುರಿದಳು. ಅಕ್ಕಾರು ನೋಟ್‌ಬುಕ್ ಮುಚ್ಚಿದರು. ಅವರ ಕಣ್ಣು ಹುಡುಗಿಯ ಮೇಲಿರಲಿಲ್ಲ, ರಟ್ಟಿನ ಮೇಲಿತ್ತು.

“ಖಾರದ ಹೋಳಿಗಿ ಎಷ್ಟ ಮಂದಿ ತಿಂದ್ರ ಬೇ?” ಎಂದು ಕೇಳಿದಳು ಹುಡುಗಿ.

ಉತ್ತರ ಬಂದದ್ದು ಮುದುಕಿಯಿಂದ. “ನಾ ಮೂರ ತಿಂದೆನವಾ. ಮದಲನೇದು ಹಸಿವಿಗೆ. ಎರಡನೇದು ಖಾತ್ರಿ ಮಾಡ್ಕೊಳ್ಳಾಕ. ಮೂರನೇದು, ಅಗದಿ ಖರೇ ಹೇಳಬೇಕಂದರ, ಚಲೋ ಹತ್ತಿತ್ತು.”

ಮುದುಕಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗ. ಹುಡುಗಿ ನಕ್ಕಳು. ಸಣ್ಣ ನಗೆಯಲ್ಲ, ಚೀಲದ ಮೇಲೆ ಹಿಂದಕ್ಕೆ ವಾಲಿ, ಗೋಡೆಗೆ ತಲೆ ತಗುಲಿಸಿಕೊಂಡು ನಕ್ಕಳು. ನಗು ನಿಂತ ಮೇಲೆ ದೊಡ್ಡವ್ವನ ಕಡೆ ತಿರುಗಿದಳು.

“ಫೋನ್ ಎತ್ತಬೇಕಿತ್ತು ನೀನು.”

“ಹೌದವಾ,” ಎಂದರು ಅಕ್ಕಾರು. “ಎತ್ತಬೇಕಿತ್ತು.”

ಬೇರೇನೂ ಸೇರಿಸಲಿಲ್ಲ. ಹುಡುಗಿ ಚೀಲದಿಂದ ಇಳಿದು ದೊಡ್ಡವ್ವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು, ಹೋಳಿಗೆಯ ಪುಟ ಹುಡುಕಿ ತೆಗೆದು, ಮತ್ತೊಮ್ಮೆ ತಾನೇ ಓದಿಕೊಂಡಳು. ತುಟಿಗಳು ಅಲುಗಾಡುತ್ತಿದ್ದವು.

“ನಮ್ಮವ್ವ ಕಲ್ಲು ಖರೇನ ತೊಳದಿದ್ಲೇನ?”

“ಗೊತ್ತಿಲ್ಲವಾ. ಇವತ್ತಿಗೂ ಗೊತ್ತಿಲ್ಲ.”

ಹುಡುಗಿ ಸ್ವಲ್ಪ ಯೋಚನೆ ಮಾಡಿದಳು.

“ತೊಳದಿರಾಕಿಲ್ಲ ಬಿಡು ದೊಡ್ಡವ್ವಾ,” ಎಂದಳು. “ಭಾನುವಾರ ಖಾರ ಬೀಸಿ ನಾನೂ ತೊಳದಿಲ್ಲ.”

ಅಕ್ಕಾರು ಅವಳನ್ನು ನೋಡಿದರು. ಬೈಯಲು ಬಾಯಿ ತೆರೆದವರು ಬೈಯಲಿಲ್ಲ. ಅವಳ ಕೂದಲಿಗೆ ಹತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದರು. ಒಂದು ಸಲ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಮುದುಕಿ ತನ್ನ ಡಬ್ಬಿಯ ಮುಚ್ಚಳ ತೆಗೆದು, ಭಾನುವಾರದ ಹಿಟ್ಟಿನ ಖಾರ ಹತ್ತಿದೆಯೇ ಎಂದು ಒಳಗೆ ಮೂಸಿ ನೋಡಿದಳು.

ಹುಡುಗಿ ಜೂನ್ ಮೊದಲ ವಾರ ಧಾರವಾಡಕ್ಕೆ ಹೋದಳು. ಕಥೆ ಏಳು ಪುಟ ಇದೆ, ಅವಳ ಟ್ರಂಕಿನಲ್ಲಿದೆ. ಬೇರೆ ಪ್ರತಿ ಇಲ್ಲ.